ಮುದ್ದೆ ಕೋಲಿನ ಅಳತೆ ಹೇಳಿರಲಿಲ್ಲ: ಮನೆಯ ಒಳಾಂಗಣ ಕೆಲಸಕ್ಕೆ ಚಾಟ್‌ಬಾಟ್ ಬಳಸುವ ಬಗ್ಗೆ

(ತುಮಕೂರಿನಲ್ಲಿ ಒಳಾಂಗಣ ವಿನ್ಯಾಸ ಮಾಡುವವರು, ಬಡಗಿಗಳು ಮತ್ತು ಡಿಪ್ಲೊಮಾ ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ.)

ಎಲ್ಲರಿಗೂ ನಮಸ್ಕಾರ. ಹಿಂದಿನ ಸಾಲಿನಲ್ಲಿ ಕೂತಿರುವ ಬಡಗಿ ಆಚಾರ್ರು ದಯವಿಟ್ಟು ಮುಂದೆ ಬನ್ನಿ. ಇವತ್ತಿನ ವಿಷಯ ಟೇಪು ಹಿಡಿದು ಗೋಡೆ ಅಳೆಯುವವರಿಗೇ ಹೆಚ್ಚು ಬೇಕಾದದ್ದು.

ನಾನು ಈ ಊರಲ್ಲಿ ಮನೆಗಳ ಒಳಗೆಲಸ ಮಾಡಿಸುತ್ತಾ ಬಂದವಳು. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂತು, ನಾವು ಬರೆದು ಕೇಳಿದ್ದಕ್ಕೆ ಬರೆದು ಉತ್ತರ ಕೊಡುವ ಚಾಟ್‌ಬಾಟ್ ಅದು. ಅದರ ಹಿಂದೆಯೇ ಜೆಮಿನಿ, ಕ್ಲಾಡ್ ಮುಂತಾದವೂ ಬಂದವು. ಈಗ ಇವಿಲ್ಲದೆ ನನ್ನ ದಿನ ಶುರುವಾಗುವುದಿಲ್ಲ. ಕೊಟೇಶನ್ ಜೊತೆಗೆ ಕಳಿಸುವ ಪತ್ರ, ಕ್ಯಾಟಲಾಗಿನ ಇಂಗ್ಲಿಷನ್ನು ಗಿರಾಕಿಗೆ ಕನ್ನಡದಲ್ಲಿ ಬಿಡಿಸಿ ಹೇಳುವುದು, ರಾಜಸ್ಥಾನದಿಂದ ಬಂದ ಕೆಲಸಗಾರರಿಗೆ ಹಿಂದಿಯಲ್ಲಿ ಸೂಚನೆ ಬರೆಯುವುದು, ಇಷ್ಟಕ್ಕೆಲ್ಲ ನನಗೆ ಮೊದಲು ಒಂದು ಸಂಜೆ ಪೂರ್ತಿ ಹೋಗುತ್ತಿತ್ತು. ಈಗ ಅರ್ಧ ಗಂಟೆ ಸಾಕು. ಆ ಕೆಲಸಗಳನ್ನು ನೀವು ನಾಳೆಯಿಂದಲೇ ಮಾಡಿಸಿಕೊಳ್ಳಬಹುದು, ಅದಕ್ಕೆ ಭಾಷಣ ಬೇಕಿಲ್ಲ. ವಿನ್ಯಾಸದ ವಿಷಯಕ್ಕೆ ಬಂದಾಗ ಏನಾಗುತ್ತದೆ ಅನ್ನುವುದನ್ನು ಮಾತ್ರ ಒಂದು ಅಡುಗೆಮನೆಯ ಕಥೆಯಿಂದ ಹೇಳುತ್ತೇನೆ.

ಕ್ಯಾತ್ಸಂದ್ರದ ಕಡೆ ಒಂದು ಮನೆ. ಥರ್ಟಿ ಫಾರ್ಟಿ ಸೈಟು, ಹದಿನೈದು ವರ್ಷದ ಹಿಂದೆ ಕಟ್ಟಿದ್ದು. ಅತ್ತೆ, ಸೊಸೆ ಇಬ್ಬರೂ ಅಡುಗೆ ಮಾಡುತ್ತಾರೆ. ಹಳೆ ಕಟ್ಟೆ ಒಡೆದು ಹೊಸದು ಮಾಡಿಕೊಡಿ ಅಂದರು. ಆಗ ನಾನು ಇದನ್ನೆಲ್ಲ ಹೊಸದಾಗಿ ಕಲಿಯುತ್ತಿದ್ದೆ. 'ತುಮಕೂರಿನ ಮನೆಗೆ ಮಾಡ್ಯುಲರ್ ಕಿಚನ್ ಡಿಸೈನ್ ಕೊಡು' ಅಂತ ಒಂದೇ ಸಾಲು ಬರೆದೆ. ಉತ್ತರ ಉದ್ದವಾಗಿ, ಅಚ್ಚುಕಟ್ಟಾಗಿ ಬಂತು. ನಡುವೆ ದ್ವೀಪದ ಹಾಗೆ ಒಂದು ಕೌಂಟರ್, ಸುತ್ತ ಎತ್ತರದ ಸ್ಟೂಲು, ಬಿಳಿ ಕ್ವಾರ್ಟ್ಜ್, ಗೋಡೆಯೊಳಗೆ ಓವನ್, ಮ್ಯಾಟ್ ಕಪ್ಪು ನಲ್ಲಿ. ಏಳೂವರೆ ಅಡಿ ಅಗಲದ ಅಡುಗೆಮನೆಯಲ್ಲಿ ಈ ದ್ವೀಪ ಇಟ್ಟರೆ ಮನುಷ್ಯರು ಎಲ್ಲಿ ನಿಲ್ಲಬೇಕು? ಅದು ಸುಳ್ಳು ಹೇಳಿತು ಅಂತಲ್ಲ. ಅದು ಕಲಿತದ್ದು ಲೋಕದ ಬರಹಗಳಿಂದ, ಅದರಲ್ಲೂ ಹೆಚ್ಚು ಇಂಗ್ಲಿಷ್ ಬರಹಗಳಿಂದ. ಒಂದು ಮಾತಿನ ಹಿಂದೆ ಯಾವ ಮಾತು ಬರುವ ಸಾಧ್ಯತೆ ಹೆಚ್ಚು ಅಂತ ಲೆಕ್ಕ ಹಾಕಿ ಬರೆಯುವ ಯಂತ್ರ ಅದು. 'ಕಿಚನ್ ಡಿಸೈನ್' ಅಂದರೆ ಲೋಕದಲ್ಲಿ ಜಾಸ್ತಿ ಜನ ಏನು ಬರೆದಿದ್ದಾರೋ ಅದನ್ನು ನನಗೆ ಕೊಟ್ಟಿತು. ಕ್ಯಾತ್ಸಂದ್ರದ ಮನೆ ಅದರ ಕಣ್ಣಿಗೆ ಬಿದ್ದಿಲ್ಲ. ತೋರಿಸುವ ಕೆಲಸ ನನ್ನದಾಗಿತ್ತು.

ಎರಡನೇ ಸಲ ಬರೆದದ್ದನ್ನು ಓದುತ್ತೇನೆ, ಬೇಕಾದವರು ಬರೆದುಕೊಳ್ಳಿ.

'ತುಮಕೂರಿನ ಒಂದು ಮನೆಯ ಅಡುಗೆಮನೆ. ಒಳ ಅಳತೆ 10 ಅಡಿ ಉದ್ದ, 7 ಅಡಿ 6 ಇಂಚು ಅಗಲ. ಕಿಟಕಿ ಪೂರ್ವಕ್ಕೆ, ಅದರ ಕೆಳಗಿನ ಅಂಚು ನೆಲದಿಂದ 3 ಅಡಿ 6 ಇಂಚು. ಬಾಗಿಲು ಪಶ್ಚಿಮಕ್ಕೆ. ಗೋಡೆಗಳು ಇಟ್ಟಿಗೆಯವು, ಒಡೆಯುವ ಹಾಗಿಲ್ಲ. ಒಲೆ ಆಗ್ನೇಯದಲ್ಲೇ ಇರಬೇಕು. ಬೋರ್‌ವೆಲ್ ನೀರು, ಗಡಸು. ಅಡುಗೆ ಮಾಡುವವರು ಇಬ್ಬರು: ಅತ್ತೆಯವರ ಎತ್ತರ 4 ಅಡಿ 9 ಇಂಚು, ಸೊಸೆಯದು 5 ಅಡಿ 4 ಇಂಚು. ದಿನಾ ರಾಗಿ ಮುದ್ದೆ ಮಾಡುತ್ತಾರೆ. ಸುಗ್ಗಿ ಆದಮೇಲೆ ಊರಿಂದ ಎರಡು ಮೂಟೆ ರಾಗಿ ಬರುತ್ತದೆ, ತೆಂಗಿನಕಾಯಿ ಬರುತ್ತದೆ, ಅವಕ್ಕೆ ಜಾಗ ಬೇಕು. ಈಗಲೇ ವಿನ್ಯಾಸ ಕೊಡಬೇಡ. ಇನ್ನೂ ಏನು ತಿಳಿಯಬೇಕೋ ಅದನ್ನು ಮೊದಲು ನನ್ನನ್ನು ಕೇಳು, ಒಂದು ಸಲಕ್ಕೆ ಐದು ಪ್ರಶ್ನೆ ಮೀರಬಾರದು.'

ಆ ಕೊನೆಯ ಎರಡು ವಾಕ್ಯ ನನ್ನ ಕೆಲಸದ ರೀತಿಯನ್ನೇ ಬದಲಿಸಿದವು. ಪ್ರಶ್ನೆ ಕೇಳು ಅಂದ ತಕ್ಷಣ ಅದರ ಧಾಟಿಯೇ ಬೇರೆಯಾಯಿತು. ಸಿಲಿಂಡರ್ ಒಳಗಿರುತ್ತದೋ ಹೊರಗೋ? ಗ್ರೈಂಡರ್ ದಿನಾ ಬಳಸುತ್ತೀರಾ, ಅದು ಇದ್ದಲ್ಲೇ ಇರಬೇಕಾ? ನೀರಿನ ಫಿಲ್ಟರ್‌ಗೆ ಪೈಪು ಎಲ್ಲಿಂದ? ಇವುಗಳಲ್ಲಿ ಎರಡನ್ನು ನಾನು ಆ ಮನೆಯವರ ಹತ್ತಿರ ಕೇಳಿರಲೇ ಇಲ್ಲ. ಮತ್ತೆ ಹೋಗಿ ಕೇಳಿ ಬಂದೆ. ಅದು ಕೇಳದೆ ಬಿಟ್ಟದ್ದೂ ಒಂದಿತ್ತು. ಆ ಮನೆಯ ಅತ್ತೆ, ಅಂದರೆ ಅಜ್ಜಿ, ತರಕಾರಿ ಹೆಚ್ಚುವುದು ನೆಲದ ಮೇಲೆ ಕೂತು, ಈಳಿಗೆ ಮಣೆಯಲ್ಲಿ. ಆ ಮಣೆ ಹಾಕಿಕೊಂಡು ಕೂರಲು ಮೂರಡಿ ಜಾಗ ಖಾಲಿ ಬಿಡಬೇಕು. ಅದು ನನಗೆ ಗೊತ್ತಾದದ್ದು ಬೆಳಿಗ್ಗೆ ಎಂಟು ಗಂಟೆಗೆ ಅವರ ಮನೆಗೆ ಹೋಗಿದ್ದರಿಂದ. ಸಂಜೆ ಹೋಗಿದ್ದರೆ ಮಣೆ ಗೋಡೆಗೆ ಒರಗಿರುತ್ತಿತ್ತು.

ಈಗ ಮುದ್ದೆಯ ವಿಷಯ. ಕಟ್ಟೆಯ ಎತ್ತರ ಮಾಮೂಲಿ 33 ಇಂಚು ಆಸುಪಾಸು ಇಡುತ್ತೇವೆ. ಸೊಸೆಗೆ ಅದು ಸರಿ. ನಾಲ್ಕು ಅಡಿ ಒಂಬತ್ತು ಇಂಚಿನ ಅಜ್ಜಿ ಆ ಕಟ್ಟೆ ಮೇಲೆ ಪಾತ್ರೆ ಇಟ್ಟು ಹಿಟ್ಟು ತೊಳಸಬೇಕಾದರೆ ತುದಿಗಾಲಲ್ಲಿ ನಿಲ್ಲಬೇಕು. ಇಷ್ಟು ವರ್ಷ ಅವರು ಪಾತ್ರೆಯನ್ನು ನೆಲಕ್ಕಿಳಿಸಿ ಬಗ್ಗಿ ತೊಳಸುತ್ತಿದ್ದರು. ಈಗ ಸೊಂಟ ಹಿಡಿದುಕೊಳ್ಳುತ್ತದೆ ಅಂದರು. ಹಾಗಾದರೆ ಕಟ್ಟೆಯ ಒಂದು ತುದಿಯಲ್ಲಿ ಎರಡೂವರೆ ಅಡಿಯಷ್ಟನ್ನು ತಗ್ಗಿಸೋಣ, ಒಲೆಯಿಂದ ಪಾತ್ರೆ ಅಲ್ಲಿಗಿಳಿಸಿ ನಿಂತೇ ತೊಳಸಲಿ ಅಂತ ಯೋಚಿಸಿದೆ. ಎಷ್ಟು ತಗ್ಗಿಸಬೇಕು? ಅಜ್ಜಿಯ ಮೊಣಕೈ ನೆಲದಿಂದ 36 ಇಂಚು, ಪಾತ್ರೆಯ ಎತ್ತರ 8 ಇಂಚು ಅಂತ ಬರೆದು ಚಾಟ್‌ಬಾಟನ್ನು ಕೇಳಿದೆ. ಪಾತ್ರೆಯ ಅಂಚು ಮೊಣಕೈ ಮಟ್ಟಕ್ಕೆ ಬರಲಿ, 28 ಇಂಚು ಇಡಿ ಅಂದಿತು. ಲೆಕ್ಕ ಸರಿಯಾಗಿಯೇ ಕಂಡಿತು.

ಗ್ರಾನೈಟ್ ಕೂರಿಸುವ ಮುಂಚೆ ಅವರ ಹಿತ್ತಿಲಲ್ಲಿ ಇಟ್ಟಿಗೆ ಪೇರಿಸಿ, ಮೇಲೊಂದು ಪ್ಲೈ ತುಂಡು ಇಟ್ಟೆವು. 29 ಇಂಚು ಆಯಿತು. ಅಜ್ಜಿ ಪಾತ್ರೆ ಇಟ್ಟು, ಕೋಲು ಹಿಡಿದು, ಸುಮ್ಮನೆ ಒಂದು ಸುತ್ತು ತಿರುಗಿಸಿದರು. ಭುಜ ಕಿವಿಯ ಹತ್ತಿರಕ್ಕೆ ಹೋಯಿತು.

'ಆಗಲ್ಲ ಕಣಮ್ಮ, ಬಲ ಬರಲ್ಲ' ಅಂದರು.

ಒಂದು ವರಸೆ ಇಟ್ಟಿಗೆ ತೆಗೆದೆವು, 26. ಇನ್ನೊಂದು ತೆಗೆದೆವು, 23. 'ಇನ್ನೊಂದ್ ಚೂರು' ಅಂದರು. 20 ಇಂಚಿಗೆ ಬಂದಾಗ ಎರಡೂ ಕೈಯಲ್ಲಿ ಕೋಲು ಹಿಡಿದು ಮೈಭಾರ ಬಿಟ್ಟು ತಿರುಗಿಸಿ, 'ಇದು ನೋಡು, ಇದು ಸರಿ' ಅಂದರು.

ನಾನು ಪೆನ್ಸಿಲ್ ಹಿಡಿದು ನಿಂತಿದ್ದೆ, ಎಂಟು ಇಂಚು ವ್ಯತ್ಯಾಸ ಎಲ್ಲಿಂದ ಬಂತು ಅಂತ ಅರ್ಥವಾಗಲಿಲ್ಲ. ಅಜ್ಜಿಯ ಕೈ ನೋಡಿದಾಗ ತಿಳಿಯಿತು. ಕೈ ಇರುವುದು ಪಾತ್ರೆಯ ಅಂಚಿನಲ್ಲಲ್ಲ, ಕೋಲಿನ ಮೇಲೆ. ಅಳೆದರೆ ಪಾತ್ರೆಯ ತಳದಿಂದ ಅವರ ಹಿಡಿತಕ್ಕೆ 16 ಇಂಚು. 36ರಲ್ಲಿ 16 ಕಳೆದರೆ 20. ಯಂತ್ರಕ್ಕೆ ಪಾತ್ರೆಯ ಅಳತೆ ಕೊಟ್ಟಿದ್ದೆ, ಮುದ್ದೆ ಕೋಲಿನ ಅಳತೆ ಕೊಟ್ಟಿರಲಿಲ್ಲ. ಆಮೇಲೆ ಕೋಲನ್ನೂ ಸೇರಿಸಿ ಬರೆದೆ, ತಕ್ಷಣ 20 ಅಂದಿತು. ಅಷ್ಟೇ ಅಲ್ಲ, ಆ ತಗ್ಗಿನ ಭಾಗದಲ್ಲಿ ಗ್ಯಾಸ್ ಒಲೆ ಇಡಬೇಡಿ, ಒಲೆ ಯಾವಾಗಲೂ ಸಿಲಿಂಡರ್‌ಗಿಂತ ಮೇಲಿನ ಮಟ್ಟದಲ್ಲಿರಬೇಕು ಅಂತ ತಾನಾಗಿಯೇ ಎಚ್ಚರಿಸಿತು. ಅದು ನಿಜವಾದ ಸುರಕ್ಷತೆಯ ಮಾತು, ಸಿಲಿಂಡರ್ ಎತ್ತರವೇ ಎರಡಡಿ ದಾಟುತ್ತದೆ. ಇಂಥ ಕಡೆ ಅದರ ನೆನಪಿಗೆ ನಾನು ಕೃತಜ್ಞಳು.

ನಮ್ಮ ಸೀಮೆಯ ಮನೆಗಳನ್ನು ತೋರಿಸುವಾಗ ನಾವು ಬಳಸುವ ಮಾತುಗಳನ್ನೇ ಮೊದಲು ಬಿಡಿಸಿ ಹೇಳಬೇಕಾಗುತ್ತದೆ. ಕನ್ನಡದಲ್ಲೇ ಬರೆಯಿರಿ, ಅರ್ಥವಾಗುತ್ತದೆ. ಆದರೆ '12 ಚದರದ ಮನೆ' ಅಂತ ಬರೆದಾಗ ನನಗೆ 12 ಚದರ ಮೀಟರಿನ ಲೆಕ್ಕ ಬಂತು. ನಮ್ಮಲ್ಲಿ ಒಂದು ಚದರ ಅಂದರೆ 100 ಚದರ ಅಡಿ ಅಂತ ಇಲ್ಲಿ ಕೂತ ಎಲ್ಲರಿಗೂ ಗೊತ್ತು, ಅದಕ್ಕೆ ಗೊತ್ತಿರಲಿಲ್ಲ. 'ಸಜ್ಜೆ ಕೆಳಗೆ ಬೀರು ಬರಬೇಕು' ಅಂದರೆ ಸಜ್ಜೆ ಕಾಳನ್ನು ಹುಳು ಬೀಳದಂತೆ ಇಡುವುದು ಹೇಗೆ ಅಂತ ಹೇಳಿತು. ಸಾಮಾನು ಮೇಲಿಡಲು ಗೋಡೆಯಿಂದ ಚಾಚಿರುವ ಕಾಂಕ್ರೀಟ್ ಹಲಗೆ, ನೆಲದಿಂದ 7 ಅಡಿ ಎತ್ತರದಲ್ಲಿದೆ, 2 ಅಡಿ ಚಾಚಿದೆ ಅಂತ ಬರೆದ ಮೇಲೆ ದಾರಿಗೆ ಬಂತು. ಹಳ್ಳಿಯ ಹಳೆ ಮನೆ ಆದರೆ ನಡುಮನೆ, ಅಂಕಣ, ಗೂಡು, ಚಪ್ಪಡಿ ಕಲ್ಲಿನ ಮಾಡು ಇವನ್ನೂ ಹೀಗೆಯೇ ಬಿಡಿಸಬೇಕು. ನಾನು ಇಂಥ ಪದಗಳದ್ದೊಂದು ಪಟ್ಟಿ ಮಾಡಿಟ್ಟುಕೊಂಡು, ಪ್ರತಿ ಹೊಸ ಮನೆಯ ಮಾತುಕತೆ ಶುರುವಾಗುವಾಗ ಅದನ್ನು ಮೊದಲು ಅಂಟಿಸುತ್ತೇನೆ. ಸೂತ್ ಅಂದರೆ ಇಂಚಿನ ಎಂಟನೇ ಒಂದು ಭಾಗ ಅನ್ನುವುದೂ ಅದರಲ್ಲಿದೆ.

ಬಿಸಿಲಿನ ವಿಷಯವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ವಿದ್ಯಾರ್ಥಿಗಳು ಗಮನಿಸಿ. ಹಜಾರಕ್ಕೆ ಒಳ್ಳೆ ಬೆಳಕು ಬೇಕು ಅಂತ ಕೇಳಿದರೆ ಚಾಟ್‌ಬಾಟ್ ಎಷ್ಟೋ ಸಲ ದಕ್ಷಿಣಕ್ಕೆ ದೊಡ್ಡ ಗಾಜಿನ ಕಿಟಕಿ ಇಡಿ, ದಿನವಿಡೀ ಬಿಸಿಲು ಬರುತ್ತದೆ, ಮನೆ ಬೆಚ್ಚಗಿರುತ್ತದೆ ಅನ್ನುತ್ತದೆ. ಇದು ಚಳಿ ದೇಶದ ಬುದ್ಧಿ. ತುಮಕೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಮ್ಮ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ. ಡಿಸೆಂಬರ್ ಆಸುಪಾಸಿನಲ್ಲಿ ಮಾತ್ರ ದಕ್ಷಿಣಕ್ಕೆ ಚೆನ್ನಾಗಿ ಇಳಿಯುತ್ತಾನೆ. ನಮ್ಮನ್ನು ನಿಜವಾಗಿ ಬೇಯಿಸುವುದು ಪಶ್ಚಿಮದ ಗೋಡೆ, ಮಾರ್ಚ್ ಏಪ್ರಿಲ್‌ನ ಮೂರು ಗಂಟೆ ಮೇಲಿನ ಬಿಸಿಲು. ನಿಮ್ಮ ಪ್ರಾಂಪ್ಟಿನಲ್ಲಿ, ಅಂದರೆ ಚಾಟ್‌ಬಾಟಿಗೆ ಬರೆಯುವ ಸೂಚನೆಯಲ್ಲಿ, ಊರಿನ ಅಕ್ಷಾಂಶ, ಕಿಟಕಿ ಯಾವ ದಿಕ್ಕಿಗೆ, ಎದುರು ಮನೆ ಎಷ್ಟು ದೂರ, ಎಷ್ಟು ಮಹಡಿ ಇಷ್ಟನ್ನು ಬರೆದು, 'ಏಪ್ರಿಲ್ 15ರಂದು ಮತ್ತು ಡಿಸೆಂಬರ್ 21ರಂದು ಸಂಜೆ ನಾಲ್ಕಕ್ಕೆ ಈ ಕೋಣೆಯೊಳಗೆ ಬಿಸಿಲು ಎಲ್ಲಿಗೆ ಬೀಳುತ್ತದೆ' ಅಂತ ಕೇಳಿ. ಉತ್ತರ ಎಷ್ಟೋ ಮೇಲಾಗುತ್ತದೆ. ಅಷ್ಟರ ಮೇಲೂ ಸಂಜೆ ನಾಲ್ಕಕ್ಕೆ ಆ ಕೋಣೆಯಲ್ಲಿ ಹೋಗಿ ನಿಂತು ನೋಡಿ.

ಗೋಡೆಯದೂ ಅದೇ ಕಥೆ. ಗೋಡೆಗೆ ತೂಗುಹಾಕುವ ಬೀರುವಿಗೆ ಒಳಗಿನ ಮರದ ಕಂಬ ಹುಡುಕಿ ಸ್ಕ್ರೂ ಹಾಕಿ ಅಂತ ಅದು ಹೇಳಿದ್ದಿದೆ. ಅದು ಅಮೆರಿಕದ ಗೋಡೆ. ನಮ್ಮದು ಇಟ್ಟಿಗೆಯೋ, ನಾಲ್ಕಿಂಚಿನ ಸಿಮೆಂಟ್ ಬ್ಲಾಕೋ, ಹಳ್ಳಿಯಲ್ಲಾದರೆ ಮಣ್ಣಿನ ಗೋಡೆಯೋ ಅಂತ ಮೊದಲೇ ಬರೆಯಬೇಕು. ಗೋಡೆ ಒಡೆಯುವ ಮಾತು ಬಂದರೆ ಯಂತ್ರವನ್ನು ಕೇಳಲೇಬೇಡಿ, ಎಂಜಿನಿಯರನ್ನು ಕರೆಸಿ. ಹಳೆ ಮನೆಗಳಲ್ಲಿ ಗೋಡೆಯೇ ಮಾಡನ್ನು ಹೊತ್ತಿರುತ್ತದೆ.

ಕ್ಯಾತ್ಸಂದ್ರದ ಮನೆಗೆ ಆ ಮ್ಯಾಟ್ ಕಪ್ಪು ನಲ್ಲಿ ಹಾಕಲಿಲ್ಲ. ಗಡಸು ನೀರಿಗೆ ಅದರ ಮೇಲೆ ತಿಂಗಳೊಳಗೆ ಬಿಳಿ ಕಲೆ ಕೂರುತ್ತದೆ, ದಿನಾ ಉಜ್ಜುವ ಪಾಡು ಸೊಸೆಯ ಪಾಲಿಗೆ. ಪ್ರಾಂಪ್ಟಿನಲ್ಲಿ ನೀರು ಗಡಸು ಅಂತ ಬರೆದಿದ್ದರಿಂದ ಎರಡನೇ ಸಲ ಅದು ತಾನೇ ಹೊಳಪಿನ ಕ್ರೋಮ್ ಹೇಳಿತು.

ಸಾಮಗ್ರಿ ವಿಷಯದಲ್ಲಿ ನನಗೆ ಅದು ಪಾಠ ಹೇಳುವ ಮೇಷ್ಟ್ರ ಹಾಗೆ. ತೇವವನ್ನಷ್ಟೇ ತಡೆಯುವ ಎಂಆರ್ ಪ್ಲೈಗೂ ಕುದಿನೀರಿಗೂ ಜಗ್ಗದ ಬಿಡಬ್ಲ್ಯೂಪಿ ಪ್ಲೈಗೂ ಏನು ವ್ಯತ್ಯಾಸ, ಸಿಂಕ್ ಕೆಳಗೆ ನೀರು ತಡೆಯುವ ಪ್ಲೈಯ ಭಾರತೀಯ ಮಾನಕವಾದ ಐಎಸ್ 710 ಗುರುತಿನದೇ ಯಾಕೆ ಬೇಕು, 3000 ಕೆಲ್ವಿನ್ನಿನ ಹಳದಿ ದೀಪಕ್ಕೂ 6500 ಕೆಲ್ವಿನ್ನಿನ ಬಿಳಿ ದೀಪಕ್ಕೂ ಕಣ್ಣಿಗೆ ಏನು ಬೇರೆ ಅನಿಸುತ್ತದೆ, ಇವನ್ನೆಲ್ಲ ಗಿರಾಕಿಗೆ ತಿಳಿಯುವ ಹಾಗೆ ಬರೆದುಕೊಡುತ್ತದೆ. 'ಪ್ಲೈ ಅಂಗಡಿಗೆ ಹೋದಾಗ ನಾನು ಏನೇನು ಕೇಳಬೇಕು, ಹಲಗೆಯ ಮೇಲೆ ಯಾವ ಗುರುತು ನೋಡಬೇಕು' ಅಂತ ಕೇಳಿ, ತುಂಬ ಉಪಯೋಗ. ದರ ಮಾತ್ರ ಅದರ ಬಾಯಿಂದ ಕೇಳಬೇಡಿ. ಮಂಡಿಪೇಟೆಯ ಇವತ್ತಿನ ದರ ಅಂಗಡಿಗೆ ಫೋನು ಮಾಡಿಯೇ ತಿಳಿಯಬೇಕು. ನೀವು ತಂದ ಮೂರು ಅಂಗಡಿಯ ದರಪಟ್ಟಿ ಕೊಟ್ಟು ಹೋಲಿಸು ಅನ್ನಿ, ಅದು ಚೆನ್ನಾಗಿ ಮಾಡುತ್ತದೆ.

ನನಗೆ ನಷ್ಟವಾದ ಒಂದು ಸಂಗತಿಯನ್ನೂ ಹೇಳಬೇಕು. ಒಂದು ಮನೆಯ ಬೀರುಗಳಿಗೆ ಹನ್ನೆರಡು ಡ್ರಾಯರ್ ಇತ್ತು. ಯಾವ ಹಲಗೆಯನ್ನು ಎಷ್ಟಕ್ಕೆ ಕೊಯ್ಯಬೇಕು ಅನ್ನುವ ಕಟ್ಟಿಂಗ್ ಲಿಸ್ಟನ್ನು ಚಾಟ್‌ಬಾಟಿನಿಂದ ಬರೆಸಿ, ಸಾಲುಸಾಲಾಗಿ ಅಚ್ಚುಕಟ್ಟಾಗಿದ್ದ ಪಟ್ಟಿ ನೋಡಿ, ಹಾಗೇ ಕಾರ್ಖಾನೆಗೆ ಕಳಿಸಿದೆ. ಡಬ್ಬಗಳನ್ನು ಅಂಟು ಹಾಕಿ ಜೋಡಿಸಿ ತಂದರು. ಒಂದೂ ಒಳಗೆ ಹೋಗಲಿಲ್ಲ. ಡ್ರಾಯರ್ ಜಾರಲು ಪಕ್ಕಕ್ಕೆ ಕೂರಿಸುವ ಟೆಲಿಸ್ಕೋಪಿಕ್ ಚಾನೆಲ್‌ಗೆ ಎರಡೂ ಪಕ್ಕ ಅರ್ಧರ್ಧ ಇಂಚು ಬಿಡಬೇಕು. ಪಟ್ಟಿಯಲ್ಲಿ ಡಬ್ಬದ ಅಗಲವೂ ಗೂಡಿನ ಅಗಲವೂ ಒಂದೇ ಇತ್ತು. ಹನ್ನೆರಡನ್ನೂ ಬಿಚ್ಚಿ, ಕೊಯ್ದು, ಮತ್ತೆ ಅಂಚುಪಟ್ಟಿ ಅಂಟಿಸಿದೆವು. ಗೃಹಪ್ರವೇಶ ಹತ್ತಿರದಲ್ಲಿತ್ತು, ಆ ಮನೆಯೊಡೆಯರ ಮುಖ ನೋಡಲು ನನಗೆ ಕಷ್ಟವಾಯಿತು. ಅಂದಿನಿಂದ ಅಳತೆಯ ಪ್ರಾಂಪ್ಟಿನಲ್ಲಿ ಹಲಗೆಯ ದಪ್ಪ, ಚಾನೆಲ್ ಯಾವುದು, ಎಷ್ಟು ಬಿಡುವು, ಹಿಂಬದಿಯ ಹಲಗೆ ಎಷ್ಟು ಮಿಲಿಮೀಟರ್ ಎಲ್ಲ ಬರೆಯುತ್ತೇನೆ. 'ಪ್ರತಿ ಅಳತೆಯ ಪಕ್ಕ ಯಾವುದರಲ್ಲಿ ಯಾವುದನ್ನು ಕಳೆದೆ ಅಂತ ತೋರಿಸು' ಅಂತಲೂ ಸೇರಿಸುತ್ತೇನೆ. ಕಳೆದ ಲೆಕ್ಕ ಕಣ್ಣೆದುರು ಇದ್ದರೆ ತಪ್ಪು ಹುಡುಕುವುದು ಸುಲಭ.

ಚಿತ್ರಗಳ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಕೋಣೆಯ ಫೋಟೋ ಕೊಟ್ಟು ಹೊಸ ರೂಪ ಕೇಳಿದರೆ ಬಹಳ ಚೆಂದದ ಚಿತ್ರ ಬರುತ್ತದೆ. ಗಮನವಿಟ್ಟು ನೋಡಿದರೆ ತೊಲೆ ಮಾಯವಾಗಿರುತ್ತದೆ, ಕಿಟಕಿ ಒಂದಡಿ ಸರಿದಿರುತ್ತದೆ. ಗಿರಾಕಿ ಅದನ್ನು ಮಾತು ಕೊಟ್ಟ ಹಾಗೆ ತಿಳಿಯುತ್ತಾರೆ. ಬಣ್ಣ ಮತ್ತು ಒಟ್ಟು ಭಾವ ತೋರಿಸಲು ಮಾತ್ರ ಬಳಸಿ, ಚಿತ್ರದ ಮೇಲೇ 'ಅಳತೆಗೆ ಅಲ್ಲ' ಅಂತ ಬರೆದುಕೊಡಿ. ಇನ್ನು, ಆ ಫೋಟೋ ನಮ್ಮದಲ್ಲ, ಅವರ ಮನೆಯದು. ಅದರಲ್ಲಿ ದೇವರ ಮನೆ ಇರುತ್ತದೆ, ಮಕ್ಕಳಿರುತ್ತಾರೆ, ಗೋಡೆಯ ಮೇಲೆ ತೀರಿಕೊಂಡವರ ಫೋಟೋ ಇರುತ್ತದೆ. ಕೇಳದೆ ಹಾಕಬಾರದು. ಹೆಸರು, ವಿಳಾಸ, ತಿಜೋರಿ ಎಲ್ಲಿಡುತ್ತಾರೆ ಅನ್ನುವುದು ಯಾವ ಪ್ರಾಂಪ್ಟಿಗೂ ಬೇಕಾಗಿಲ್ಲ. ನಮ್ಮನ್ನು ನಂಬಿ ಜನ ಮಲಗುವ ಕೋಣೆಯವರೆಗೂ ಬಿಟ್ಟುಕೊಳ್ಳುತ್ತಾರೆ.

ಇಷ್ಟು ಹೇಳಿ ನಾನು ಪ್ರಶ್ನೆಗಳಿಗೆ ಬಿಟ್ಟೆ. ಮುಂದಿನ ಸಾಲಿಗೆ ಬಂದಿದ್ದ ಆಚಾರ್ರೊಬ್ಬರು ಎದ್ದು ನಿಂತರು. 'ಮೇಡಂ, ಅದೇನು ಬರೀತದೆ ಇಲ್ಲೇ ಒಂದ್ಸಲ ತೋರ್ಸಿ' ಅಂದರು. ಪರದೆಯ ಮೇಲೆ ಎಲ್ಲರಿಗೂ ಕಾಣುವ ಹಾಗೆ ಬರೆದೆ: ಒಂದು ಬೀರು, ಹೊರ ಅಗಲ 900 ಮಿಲಿಮೀಟರ್, ಎರಡು ಪಕ್ಕದ ಹಲಗೆಗಳು 18 ಮಿಲಿಮೀಟರ್ ದಪ್ಪ, ಒಳಗಿನ ಅಡ್ಡ ಹಲಗೆಯ ಉದ್ದ ಎಷ್ಟು, ಕಳೆದದ್ದನ್ನು ತೋರಿಸು. 900ರಲ್ಲಿ 36 ಕಳೆದು 864 ಅಂತ ಬಂತು. ಹಿಂದಿನಿಂದ ಕೆಲವರು ಸರಿಯಾಗಿದೆ ಅಂದರು.

ಆಚಾರ್ರು ಕೂರಲಿಲ್ಲ. 'ಒಳಗಡೆ ಲ್ಯಾಮಿನೇಟ್ ಹಾಕಲ್ವಾ?' ಅಂತ ಕೇಳಿದರು. ನಾನು ಅದನ್ನು ಬರೆದಿರಲಿಲ್ಲ. ಎರಡೂ ಪಕ್ಕ ಒಂದೊಂದು ಮಿಲಿಮೀಟರ್ ಲ್ಯಾಮಿನೇಟ್ ಅಂತ ಸೇರಿಸಿದೆ, 862 ಆಯಿತು. 'ನಾನಾದ್ರೆ ಹಲ್ಗೆ ಸಲೀಸಾಗಿ ಕೂರ್ಲಿ ಅಂತ ಇನ್ನೊಂದು ಬಿಡ್ತೀನಿ' ಅಂದು, ಕಿವಿಯ ಹಿಂದಿನ ಪೆನ್ಸಿಲ್ ತೆಗೆದು ಕೈಯಲ್ಲಿದ್ದ ಆಹ್ವಾನಪತ್ರದ ಹಿಂದೆ 861 ಅಂತ ಬರೆದುಕೊಂಡರು.